ಇತರೆ ಸ್ಥಳಗಳು

ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದವರು ಪಾರ್ಕಿನ ಗೇಟಿಗೆ ಪ್ರವಾಸದ ನೋಟಿಸು ಅಂಟಿಸಿದ್ದಾರೆ. ‘ಲಾಲ್‌ಬಾಗ್, ದೊಡ್ಡ ಬಸವಣ್ಣ ಮತ್ತು ಇತರೆ ಸ್ಥಳಗಳು.’ ಆ ಇತರೆ ಸ್ಥಳಗಳಲ್ಲಿರುವುದು ಒಂದೇ ಸ್ಥಳ. ಅದು ನಿಮ್ಹಾನ್ಸ್. ಅಲ್ಲಿನ ಮಿದುಳಿನ ಮ್ಯೂಸಿಯಂ ನೋಡಿಕೊಂಡು ಬರೋಣ ಅಂತ ಸಭೆಯಲ್ಲಿ ಬಾಯಿಬಿಟ್ಟವಳು ನಾನು. ಪಾಪ, ಒಪ್ಪಿದರು. ಆದರೆ ನೋಟಿಸಿನಲ್ಲಿ ಹೆಸರು ಬರೆಯೋಕೆ ಮಾತ್ರ ಕಾರ್ಯದರ್ಶಿಗಳಿಗೆ ಕೈ ಬರಲಿಲ್ಲ. “ಹೆಸರು ಹಾಕಿದ್ರೆ ಬಸ್ ತುಂಬಲ್ಲ ಮೇಡಂ” ಅಂದರು. ಅಕಸ್ಮಾತ್ ತುಂಬಿದರೂ, ಹೊರಡೋ ಹೊತ್ತಿಗೆ ಪಕ್ಕದ ರಸ್ತೆಯವರು ಬಂದು ನಿಂತು ನೋಡ್ತಾರಂತೆ, ಯಾರ್ಯಾರು ಹತ್ತಿದರು ಅಂತ.

ಈ ವಿಷಯ ಕಾಂಪೌಂಡಿನ ಆಚೆ ಹೋಗೋಕೆ ಎಷ್ಟು ಹೊತ್ತು ಬೇಕು? ಪಕ್ಕದ ಮನೆ ಅಕ್ಕ ನುಗ್ಗೆಸೊಪ್ಪು ಬಿಡಿಸ್ತಾ ಗೋಡೆ ಹತ್ತಿರ ಬಂದರು. ದೊಡ್ಡಬಳ್ಳಾಪುರದ ಕಡೆಯವರು, ಎಪ್ಪತ್ತು ದಾಟಿದೆ. ಯಲಹಂಕ ಉಪನಗರಕ್ಕೆ ಬಂದು ಎಷ್ಟು ಕಾಲವಾದರೂ ಮಾತಿನ ಧಾಟಿ ಊರಿನದೇ.

“ಏನಮ್ಮಾ, ಹುಚ್ಚಾಸ್ಪತ್ರೆಗೆ ಬಸ್ ಮಾಡವ್ರಂತೆ?”

“ನಿಮ್ಹಾನ್ಸ್ ಅಕ್ಕಾ.”

“ಅದೇ ಅಲ್ವಾ?”

ಅದೇ. ಬೆಂಗಳೂರಿನ ಲುನಾಟಿಕ್ ಅಸೈಲಮ್ ಹುಟ್ಟಿದ್ದು ಹತ್ತೊಂಬತ್ತನೇ ಶತಮಾನದ ನಡುವೆ, ಕಮಿಷನರುಗಳ ಕಾಲದಲ್ಲಿ. 1925ರಲ್ಲಿ ಆ ಹೆಸರು ತೆಗೆದು ಮೆಂಟಲ್ ಹಾಸ್ಪಿಟಲ್ ಅಂದರು. ಈಗಿನ ಜಾಗಕ್ಕೆ ಬಂದದ್ದು 1930ರ ದಶಕದಲ್ಲಿ. 1954ರಲ್ಲಿ ಪಕ್ಕದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, 1974ರ ಡಿಸೆಂಬರಿನಲ್ಲಿ ಎರಡನ್ನೂ ಸೇರಿಸಿ ನಿಮ್ಹಾನ್ಸ್ ಮಾಡಿದರು. ಸರ್ಕಾರ ಎರಡು ಸಲ ಬೋರ್ಡು ಬದಲಾಯಿಸಿದೆ, ಅಕ್ಕ ಒಂದು ಸಲವೂ ಬದಲಾಯಿಸಿಲ್ಲ. ಅಕ್ಕ ಒಬ್ಬರೇ ಅಂತಲ್ಲ. ಕಾಲೇಜು ಹುಡುಗರು ಒಬ್ಬರನ್ನೊಬ್ಬರು ಛೇಡಿಸೋಕೂ, ನಮ್ಮ ಸಿನಿಮಾದ ಹಾಸ್ಯ ಪಾತ್ರಗಳಿಗೂ ನಿಮ್ಹಾನ್ಸ್ ಅಂದರೆ ಬಿಟ್ಟಿ ನಗು. ಅಲ್ಲಿ ಪಾರ್ಶ್ವವಾಯು, ತಲೆಗೆ ಪೆಟ್ಟು, ಮೂರ್ಛೆರೋಗ, ಬೆನ್ನುಹುರಿ ಎಲ್ಲ ನೋಡ್ತಾರೆ ಅನ್ನೋದು ಅವರವರ ಮನೆಗೆ ಬಂದಾಗಲೇ ತಿಳಿಯೋದು. ತಿಳಿದ ಮೇಲೂ ಊರಿನವರಿಗೆ “ಬೆಂಗಳೂರಲ್ಲಿ ದೊಡ್ಡಾಸ್ಪತ್ರೆಗೆ ತೋರಿಸಿದ್ವಿ” ಅಂದುಬಿಡ್ತಾರೆ.

ಹಾಗಾಗಿ ನನ್ನದೊಂದು ವಾದ. ಮ್ಯೂಸಿಯಂ ಮಾಡಿ, ಬಾಗಿಲು ತೆಗೆದು, ‘ಬನ್ನಿ ನೋಡಿ’ ಅಂತ ಜನರನ್ನ ಕರೆಯೋದರಲ್ಲಿ ಇರುವ ದೊಡ್ಡ ಲಾಭ ಗಾಜಿನ ಜಾಡಿಯೊಳಗಿಲ್ಲ. ಕಾಯಿಲೆ ಇಲ್ಲದ ದಿನ, ಒಳ್ಳೆ ಸೀರೆ ಉಟ್ಟುಕೊಂಡು, ಮಕ್ಕಳ ಕೈಹಿಡಿದು, ಆ ಆಸ್ಪತ್ರೆಯ ಗೇಟು ದಾಟಿ ಒಳಗೆ ಹೋಗಿ ಸುಮ್ಮನೆ ತಿರುಗಿ ಬರೋದಿದೆಯಲ್ಲ, ಅಷ್ಟೇ ಸಾಕು. ನಾಳೆ ನಿಜವಾಗಿ ಹೋಗಬೇಕಾಗಿ ಬಂದರೆ ಕಾಲು ಹಿಂಜರಿಯಲ್ಲ.

“ಅದ್ಸರಿ, ಮಿದುಳು ನೋಡಿ ಏನ್ಮಾಡೋದು?” ಅಂದರು ಅಕ್ಕ. “ನಮ್ಮೋರು ಎಷ್ಟು ಕುರಿ ಕುಯ್ದವ್ರೆ, ನಾ ನೋಡಿಲ್ವಾ?”

ಅಣ್ಣನ ಮಗಳ ಕಾಲೇಜಿನವರ ಜೊತೆ ಅಲ್ಲಿಗೆ ಹೋಗಿಬಂದಿದ್ದ ನನಗೆ ಹೇಳೋಕೆ ಇದೇ ಸಮಯ ಬೇಕಾಗಿತ್ತು. ನರರೋಗಶಾಸ್ತ್ರ ವಿಭಾಗದಲ್ಲಿದೆ ಮ್ಯೂಸಿಯಂ. ಡಾ. ಎಸ್. ಕೆ. ಶಂಕರ್ ಅನ್ನೋ ವೈದ್ಯರು ವರ್ಷಗಟ್ಟಲೆ ಒಂದೊಂದಾಗಿ ಕೂಡಿಹಾಕಿದ ಮಿದುಳುಗಳು. ಸಾಲಾಗಿ ಜಾಡಿಗಳು, ಒಳಗೆ ಫಾರ್ಮಲಿನ್, ಅದರೊಳಗೆ ಮನುಷ್ಯರು. ಮನುಷ್ಯರು ಅಂತಲೇ ಅನ್ನಿಸೋದು. ಒಂದರಲ್ಲಿ ರಕ್ತಸ್ರಾವದ ಕಪ್ಪು ಕಲೆ, ಇನ್ನೊಂದರಲ್ಲಿ ಗೆಡ್ಡೆ, ಮತ್ತೊಂದು ಮರೆವಿನ ಕಾಯಿಲೆಯಲ್ಲಿ ಸೊರಗಿ ಸಣ್ಣಗಾದದ್ದು. ಬೈಕಿನಿಂದ ಬಿದ್ದು ಹೋದವರದೂ ಇದೆ. ಅದರ ಮುಂದೆ ಆ ಹುಡುಗರು ಮಾತಿಲ್ಲದೆ ನಿಂತದ್ದು ನೋಡಿ, ಹೆಲ್ಮೆಟ್ಟಿನ ಬಗ್ಗೆ ಟ್ರಾಫಿಕ್ ಪೊಲೀಸರು ಹಾಕಿಸುವ ಅಷ್ಟೂ ಫ್ಲೆಕ್ಸುಗಳಿಗೆ ಆಗುವ ಖರ್ಚನ್ನ ಈ ಒಂದು ಜಾಡಿಗೆ ಕೊಡಬಹುದು ಅನ್ನಿಸಿತು.

“ವಾಸ್ನೆ ಬರಲ್ವಾ?”

“ಬರುತ್ತೆ, ಔಷಧಿದು. ಕಣ್ಣು ಸ್ವಲ್ಪ ಉರಿಯುತ್ತೆ.”

ಕೊನೆಯಲ್ಲಿ ಕೈಗೆ ಗ್ಲೌಸ್ ಕೊಟ್ಟು, ನಿಜವಾದ ಮಿದುಳನ್ನ ಅಂಗೈ ಮೇಲೆ ಇಡ್ತಾರೆ. ಅದು ಅಲ್ಲಿನ ಹೆಗ್ಗಳಿಕೆ. ದೇಶದಲ್ಲಿ ಹೀಗೆ ಜನಸಾಮಾನ್ಯರ ಕೈಗೆ ಕೊಡುವ ಜಾಗ ಹುಡುಕಿದರೂ ಸಿಗೋದು ಕಷ್ಟ. ದೊಡ್ಡವರ ಮಿದುಳು ಸುಮಾರು 1,300ರಿಂದ 1,400 ಗ್ರಾಂ. ತಲೆಯೊಳಗಿದ್ದಾಗ ಗಿಣ್ಣಿನ ಹಾಗೆ ಮೆತ್ತಗೆ, ಫಾರ್ಮಲಿನ್ನಿನಲ್ಲಿ ಕೂತ ಮೇಲೆ ಗಟ್ಟಿ. ನಮ್ಮ ಹುಡುಗಿ ಹಿಡಿದುಕೊಂಡು, “ಇಷ್ಟೇನಾ?” ಅಂದಳು. ನನಗೆ ಬಂದದ್ದು ಬೇರೆ ಯೋಚನೆ. ಇದನ್ನ ಕೊಟ್ಟವರ ಮನೆಯವರು ಆ ಹೊತ್ತಿನಲ್ಲಿ, ಅಳುವ ನಡುವೆ, ಯಾರೋ ವೈದ್ಯರು ಬಂದು ಕೇಳಿದಾಗ ‘ಆಯ್ತು’ ಅಂದಿದ್ದಾರಲ್ಲ!

ಅಕ್ಕ ಸೊಪ್ಪು ಬಿಡಿಸೋದು ನಿಲ್ಲಿಸಿದರು. “ತಲೆ ಕುಯ್ದು ಕೊಡ್ತಾರಾ? ಮಣ್ಣು ಮಾಡೋವಾಗ ಮುಖ ನೋಡೋದು ಹೆಂಗೆ?”

ಅಲ್ಲಿ ಕೇಳಬೇಕಾದ ಪ್ರಶ್ನೆ ಅಂದರೆ ಇದು. ಮುಖಕ್ಕೆ ಏನೂ ಆಗಲ್ಲ, ಹೊಲಿದು ಕೊಡ್ತಾರೆ, ದಹನವೋ ಮಣ್ಣೋ ಪದ್ಧತಿ ಪ್ರಕಾರ ಮಾಡಬಹುದು ಅಂತ ಹೇಳಿದೆ. 1995ರಿಂದ ನಿಮ್ಹಾನ್ಸ್‌ನಲ್ಲಿ ಮಿದುಳಿನ ಬ್ಯಾಂಕು ಅಂತಲೇ ಇದೆ. ಹಣದ್ದಲ್ಲ, ಅಂಗಾಂಶದ್ದು. ದೇಶದ ಸಂಶೋಧಕರಿಗೆ ಇಲ್ಲಿಂದ ಮಾದರಿ ಹೋಗುತ್ತೆ.

“ಕಣ್ಣು ಕೊಟ್ರೆ ಇನ್ನೊಬ್ರಿಗೆ ಹಾಕ್ತಾರೆ. ಮಿದುಳು ಕೊಟ್ರೆ ಯಾರಿಗೆ ಹಾಕ್ತಾರೆ?”

“ಯಾರಿಗೂ ಹಾಕಲ್ಲ ಅಕ್ಕಾ. ಓದ್ತಾರೆ.”

“ಮತ್ತೆ, ನಮ್ಮೋರು ಕೊಡ್ತಾರಾ?”

ಇಲ್ಲೇ ಇರೋದು ಕಷ್ಟ. ಕಣ್ಣಿನ ದಾನಕ್ಕೆ ನಮ್ಮ ನಾಡಿನಲ್ಲಿ ಯಾವ ಮ್ಯೂಸಿಯಮ್ಮೂ ಯಾವ ಇಲಾಖೆಯೂ ಮಾಡಲಾಗದ ಪ್ರಚಾರವನ್ನ ಒಂದು ಮನೆ ಮಾಡಿತು. 2006ರಲ್ಲಿ ರಾಜಕುಮಾರ್ ಕಣ್ಣು ಕೊಟ್ಟು ಹೋದರು. 2021ರಲ್ಲಿ ಪುನೀತ್ ಹೋದಾಗ ಅವರ ಎರಡು ಕಣ್ಣುಗಳಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು. ಆಮೇಲೆ ಹೆಸರು ಬರೆಸೋಕೆ ಜನ ಸಾಲು ನಿಂತರು. ಅಕ್ಕನ ಮೊಮ್ಮಗನೂ ಆಗಲೇ ಬರೆಸಿದ್ದಾನೆ. ನೋಡುವ ಕಣ್ಣು ಅಂದರೆ ಯಾರಿಗಾದರೂ ಅರ್ಥವಾಗುತ್ತೆ. ಇಪ್ಪತ್ತು ವರ್ಷ ಆದಮೇಲೆ ಯಾವುದೋ ಮರೆವಿನ ರೋಗಕ್ಕೆ ಮದ್ದು ಸಿಗಬಹುದು ಅಂತ ಇವತ್ತು ಕೊಡಿ ಅಂದರೆ, ಅದನ್ನ ಪೋಸ್ಟರಿನಲ್ಲಿ ಹೇಳೋಕಾಗಲ್ಲ. ಎದುರಿಗೆ ಕೂತು, ಕಾಫಿ ಕೊಟ್ಟು, ನಿಧಾನಕ್ಕೆ ಹೇಳಬೇಕು. ಅಕ್ಕನಂಥವರು ಕೇಳುವ ಪ್ರಶ್ನೆಗೆಲ್ಲ ಉತ್ತರ ಕೊಡಬೇಕು.

ಒಂದು ಜಾಡಿಯ ವಿಷಯ ಮಾತ್ರ ಅಕ್ಕನಿಗೆ ಹೇಳಬೇಕೋ ಬೇಡವೋ ಅಂತ ಅನುಮಾನಿಸಿದೆ. ಆದರೂ ಹೇಳಿದೆ. ಮಿದುಳಿನ ತುಂಬ ಸಣ್ಣ ಸಣ್ಣ ಗುಳ್ಳೆ. ಲಾಡಿಹುಳದ ಮರಿಗಳು.

“ಥೂ! ಹಂದಿ ತಿನ್ನೋರಿಗೆ ಬರ್ತದೆ ಅದು. ನಾವು ಮುಟ್ಟಲ್ಲ.”

ಹಂದಿಮಾಂಸ ಸರಿಯಾಗಿ ಬೇಯಿಸದೆ ತಿಂದವರ ಕರುಳಿನಲ್ಲಿ ಹುಳ ಬೆಳೆಯುತ್ತೆ, ಅದು ನಿಜ. ಆದರೆ ತಲೆಗೆ ಏರೋದು ಬೇರೆ ದಾರಿಯಿಂದ. ಹುಳ ಇರುವವರ ಮಲದಲ್ಲಿ ಮೊಟ್ಟೆ ಇರುತ್ತೆ. ಅದು ಮಣ್ಣಿಗೆ, ನೀರಿಗೆ, ಅಲ್ಲಿಂದ ಸೊಪ್ಪು ತರಕಾರಿಗೆ. ತೊಳೆಯದೆ ಹಸಿ ತಿಂದವರ ಹೊಟ್ಟೆಗೆ ಹೋಗಿ, ಅಲ್ಲಿಂದ ರಕ್ತಕ್ಕೆ ಸೇರಿ, ಮಿದುಳಿನಲ್ಲಿ ಕೂರುತ್ತೆ. ಮುಟ್ಟಿದ್ದೆಲ್ಲ ಮಡಿ ಅನ್ನುವ ಮನೆಯಲ್ಲೂ ಒಂದು ದಿನ ಮಗುವಿಗೆ ಫಿಟ್ಸ್ ಬರಬಹುದು. ನಮ್ಮ ದೇಶದಲ್ಲಿ ಮೂರ್ಛೆರೋಗಕ್ಕೆ ಇದೂ ಒಂದು ದೊಡ್ಡ ಕಾರಣ.

ಅಕ್ಕ ಕೈಯಲ್ಲಿದ್ದ ನುಗ್ಗೆಸೊಪ್ಪು ನೋಡಿಕೊಂಡರು. “ಇದು ಮರದಾಗೆ ಇರ್ತದೆ, ಇದಕ್ಕೇನಾಗಲ್ಲ” ಅಂದರು. ನಾನೂ ಹೌದಂದೆ. ಕೋಸಂಬರಿಗೆ ತಂದ ಸೌತೆಕಾಯಿ ಇನ್ನೊಂದು ಸಲ ತೊಳೀಬೇಕು ಅಂತ ಗೊಣಗಿದ್ದು ಕೇಳಿಸಿತು. ಕಾರ್ಯಕ್ರಮ ಯಶಸ್ವಿಯಾಯಿತೋ ಇಲ್ಲವೋ ಅಂತ ದೊಡ್ಡ ಸಂಸ್ಥೆಗಳು ಫಾರಂ ತುಂಬಿಸಿ ಲೆಕ್ಕ ಹಾಕ್ತಾರಲ್ಲ, ನನ್ನ ಲೆಕ್ಕ ಆ ಸೌತೆಕಾಯಿ.

ಇಷ್ಟಕ್ಕೂ ವೈದ್ಯಕೀಯ ಇತಿಹಾಸ ಅಂದರೆ ಬರೀ ಜಾಡಿ ಅಲ್ಲ. ಕೋರಮಂಗಲದ ಕಡೆ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಮೇಜರ್ ಜನರಲ್ ಎಸ್. ಎಲ್. ಭಾಟಿಯಾ ಅವರ ಹೆಸರಿನ ವೈದ್ಯಕೀಯ ಇತಿಹಾಸದ ಮ್ಯೂಸಿಯಂ ಇದೆ. ಭಾಟಿಯಾ ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿಗೆ ಮೊದಲ ಭಾರತೀಯ ಡೀನ್ ಆದವರು. ನಿವೃತ್ತರಾಗಿ ಬೆಂಗಳೂರಿಗೆ ಬಂದವರು ಪಿಂಚಣಿ ತಗೊಂಡು ಕಬ್ಬನ್ ಪಾರ್ಕಿನಲ್ಲಿ ವಾಕಿಂಗ್ ಮಾಡಿಕೊಂಡು ಇರಬಹುದಿತ್ತು. ಬದಲು ವೈದ್ಯದ ಇತಿಹಾಸದ ಪುಸ್ತಕ, ಚಿತ್ರ ಅಂತ ಕೂಡಿಸಿಟ್ಟಿದ್ದನ್ನೆಲ್ಲ ಕಾಲೇಜಿಗೆ ಕೊಟ್ಟರು. ವೈದ್ಯ ಓದುವ ಮಕ್ಕಳಿಗೆ ಅದರ ಅಗತ್ಯ ನಮಗಿಂತ ಹೆಚ್ಚು.

“ಎಲ್ಲಾ ಆ ಕಡೇನೇ ಅವಲ್ಲಮ್ಮ” ಅಂದರು ಅಕ್ಕ. “ಹೊಸೂರು ರೋಡು, ಕೋರಮಂಗಲ. ಹೆಬ್ಬಾಳದ ಬ್ರಿಜ್ಜು ದಾಟೋ ಹೊತ್ಗೆ ಅರ್ಧ ಜೀವ ಹೋಗಿರ್ತದೆ. ನಮ್ ಕಡೆ ಏನೂ ಇಲ್ವಾ?”

ಇದೆ, ಇಲ್ಲ ಅನ್ನೋಹಾಗಿಲ್ಲ. ಬಳ್ಳಾರಿ ರಸ್ತೆಯಲ್ಲೇ, ಮೇಖ್ರಿ ಸರ್ಕಲ್ಲಿಗೂ ಹೆಬ್ಬಾಳಕ್ಕೂ ನಡುವೆ, ಸೈನ್ಸ್ ಗ್ಯಾಲರಿ ಬೆಂಗಳೂರು ಅಂತ 2024ರ ಜನವರಿಯಲ್ಲಿ ಹೊಸ ಕಟ್ಟಡ ತೆರೆಯಿತು. ಪ್ರವೇಶಕ್ಕೆ ದುಡ್ಡಿಲ್ಲ. ಕಾಯಂ ಸಂಗ್ರಹ ಇಟ್ಟುಕೊಳ್ಳದೆ ಒಂದೊಂದು ವಿಷಯ ಹಿಡಿದು ತಿಂಗಳುಗಟ್ಟಲೆ ಪ್ರದರ್ಶನ ಮಾಡ್ತಾರೆ. ಪ್ರತಿ ವಸ್ತುವಿನ ಹತ್ತಿರ ಓದುವ ವಯಸ್ಸಿನ ಹುಡುಗ ಹುಡುಗಿಯರು ನಿಂತಿರ್ತಾರೆ, ಕೇಳಿದರೆ ಮಾತಾಡ್ತಾರೆ. ಕಟ್ಟಡ ತೆರೆಯುವ ಮುಂಚೆಯೇ, 2021ರಲ್ಲಿ, ಸಾಂಕ್ರಾಮಿಕ ರೋಗಗಳ ಮೇಲೆ ‘ಕಂಟೇಜಿಯನ್’, ಮರುವರ್ಷ ಮನಸ್ಸಿನ ಮೇಲೆ ‘ಸೈಕಿ’ ಅಂತ ಪ್ರದರ್ಶನ ಮಾಡಿದರು. ಎರಡೂ ಕೋವಿಡ್ಡಿನ ಕಾಲದ್ದು, ಹಾಗಾಗಿ ಕಂಪ್ಯೂಟರಿನಲ್ಲೇ.

“ರೋಗ ಬಂದಾಗ ರೋಗದ ಪ್ರದರ್ಶನ ಮೊಬೈಲಿನಾಗೆ. ಸರಿಹೋಯ್ತು” ಅಂದರು ಅಕ್ಕ.

ನಕ್ಕೆ. ಆದರೆ ನನ್ನ ತಕರಾರು ಅದಲ್ಲ. ಮಿದುಳೋ ಪ್ಲೇಗೋ ಸಿಡುಬೋ, ಈ ಎಲ್ಲ ಕಡೆ ನಡೆಯೋದು ಒಂದೇ ರೀತಿ. ಅವರು ತೋರಿಸ್ತಾರೆ, ನಾವು ನೋಡ್ತೀವಿ. ಬಲ್ಲವರು ಹೇಳ್ತಾರೆ, ನಾವು ತಲೆಯಾಡಿಸ್ತೀವಿ. ನಮ್ಮಿಂದ ಕೇಳಿಸಿಕೊಳ್ಳೋದು ಅಂತ ಒಂದಿದೆಯಲ್ಲ, ಅದಕ್ಕೆ ಬಂದಾಗ ಕೊನೆಯಲ್ಲಿ ಒಂದು ವಿಸಿಟರ್ಸ್ ಬುಕ್ ಇಟ್ಟಿರ್ತಾರೆ. ಅದರಲ್ಲಿ ‘ಗುಡ್’ ಅಂತ ಬರೆದು ಹೊರಗೆ ಬರ್ತೀವಿ.

ವೈದ್ಯರು ಜನರ ಹತ್ತಿರ ಹೋಗಿ ಕಲಿತದ್ದು ಇಲ್ಲವೇ ಅಂದರೆ, ಇದೆ. ನಿಮ್ಹಾನ್ಸಿನವರೇ ಗೌರಿಬಿದನೂರು, ಮಧುಗಿರಿ ಅಂತ ತಿಂಗಳಿಗೊಮ್ಮೆ ಹೋಗಿ ನೋಡುವ ಪದ್ಧತಿ ಹಾಕಿದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಸಣ್ಣ ಆಸ್ಪತ್ರೆಗಳ ಡಾಕ್ಟರುಗಳಿಗೇ ಮನೋರೋಗ ಗುರುತಿಸೋದು ಕಲಿಸಿ ನೋಡಿದರು. ಆಮೇಲೆ ದೇಶವೆಲ್ಲ ಅದನ್ನ ಬಳ್ಳಾರಿ ಮಾದರಿ ಅಂತ ಕರೆದು ಅನುಸರಿಸಿತು. ನಮ್ಮ ಹಿತ್ತಲಿಗೇ ಬಂದರೆ, ಜಾರಕಬಂಡೆ ಕಾವಲಿನ ಎಫ್‌ಆರ್‌ಎಲ್‌ಎಚ್‌ಟಿ. 1993ರಲ್ಲಿ ಶುರುವಾದ ಈ ಸಂಸ್ಥೆಯವರು ನಾಟಿ ವೈದ್ಯರನ್ನ ಹುಡುಕಿಕೊಂಡು ಹೋದರು. ಅವರು ಹೇಳಿದ ಗಿಡಗಳನ್ನ ಒಣಗಿಸಿ ಹಾಳೆಗೆ ಅಂಟಿಸಿ ಹೆಸರು ಬರೆದು ಇಟ್ಟಿದ್ದಾರೆ. ಅಮೃತಬಳ್ಳಿ, ದೊಡ್ಡಪತ್ರೆ ಅಂತ ಮನೆಯಂಗಳದ ಔಷಧಿ ತೋಟ ಮಾಡೋದನ್ನ ಹೆಂಗಸರಿಗೆ ಕಲಿಸಿದರು. ಅಂದರೆ, ಹೆಂಗಸರಿಗೆ ಮೊದಲೇ ಗೊತ್ತಿದ್ದದ್ದನ್ನ ಕೇಳಿ ತಿಳಿದುಕೊಂಡು, ಒಪ್ಪವಾಗಿ ಜೋಡಿಸಿ, ತಿರುಗಿ ಹೆಂಗಸರಿಗೇ ಕೊಟ್ಟರು. ನಾನಿದನ್ನ ಹೊಗಳಿಕೆಯಾಗಿಯೇ ಹೇಳ್ತಿದ್ದೀನಿ.

ಮಾತಿನ ನಡುವೆ ಅಕ್ಕ ಸೆರಗು ಸರಿಮಾಡಿಕೊಂಡರು. ಎಡತೋಳಿನ ಮೇಲೆ ಎರಡು ದುಂಡನೆಯ ಗುರುತು, ಎಂಟಾಣೆ ನಾಣ್ಯದಗಲ. ಎಷ್ಟೋ ಸಲ ಕಣ್ಣಿಗೆ ಬಿದ್ದಿತ್ತು, ಕೇಳಿರಲಿಲ್ಲ.

“ದಾಕು ಕಣಮ್ಮ. ಅಮ್ಮ ಬರಬಾರ್ದು ಅಂತ ಹಾಕೋರು.”

ಸಿಡುಬಿನ ದಾಕು! ನಮ್ಮ ಮಕ್ಕಳ ತೋಳಿನಲ್ಲಿ ಅದಿಲ್ಲ. ದೇಶದಲ್ಲಿ ಕೊನೆಯ ಸಿಡುಬು ಕಂಡದ್ದು 1975ರಲ್ಲಿ, ಪ್ರಪಂಚದಿಂದಲೇ ಹೋಯಿತು ಅಂತ ಘೋಷಿಸಿದ್ದು 1980ರಲ್ಲಿ. ಆಮೇಲೆ ಹಾಕುವ ಅಗತ್ಯವೇ ಬೀಳಲಿಲ್ಲ.

ತೋಳು ತೋರಿಸುವ ವಿಷಯಕ್ಕೆ ಬಂದರೆ ಮೈಸೂರಿನ ಒಂದು ಚಿತ್ರಪಟ ನೆನಪಾಗುತ್ತೆ. ಥಾಮಸ್ ಹಿಕಿ ಅನ್ನೋ ಐರಿಷ್ ಕಲಾವಿದ 1805ರ ಸುಮಾರಿಗೆ ಬರೆದದ್ದು, ಅರಮನೆಯ ಮೂವರು ಹೆಂಗಸರು. ಅವರಲ್ಲಿ ಒಬ್ಬಳು ಸೆರಗನ್ನ ಒಂದಿಷ್ಟು ಸರಿಸಿ ತೋಳಿನ ಕಡೆ ಕೈ ಇಟ್ಟಿದ್ದಾಳೆ. ಅವಳು ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿ ದೇವಾಜಮ್ಮಣ್ಣಿ, ಆಗಷ್ಟೇ ಬಂದಿದ್ದ ದಾಕು ಹಾಕಿಸಿಕೊಂಡು ಪ್ರಜೆಗಳಿಗೆ ಧೈರ್ಯ ಹೇಳೋಕೆ ಹೀಗೆ ಬರೆಸಿಕೊಂಡಳು ಅನ್ನೋದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ವಾದ. ಊಹೆ ಅನ್ನುವವರು ಅನ್ನಲಿ, ನನಗಂತೂ ಒಪ್ಪಿಗೆ. ಮುಂಬಯಿಯಲ್ಲಿ ಈ ದೇಶದ ಮೊದಲ ದಾಕು ಬಿದ್ದದ್ದು 1802ರಲ್ಲಿ. ಮೂರೇ ವರ್ಷಕ್ಕೆ ಮೈಸೂರಿನ ಅಂತಃಪುರದಲ್ಲಿ ಪ್ರಚಾರದ ಚಿತ್ರ! ಕೋವಿಡ್ ಲಸಿಕೆ ಹಾಕಿಸಿಕೊಂಡು ಸೆಲ್ಫಿ ಹಾಕಿದವರಿಗೆಲ್ಲ ಅವಳೇ ಹಿರಿಯಕ್ಕ.

ಅಕ್ಕನಿಗೆ ರಾಣಿಯ ಕಥೆ ಹಿಡಿಸಿತು. ಆದರೆ ಅವರ ಮನಸ್ಸು ಇನ್ನೆಲ್ಲೋ ಹೋಗಿತ್ತು. “ನಮ್ದೇನೋ ದಾಕಲ್ಲಿ ಹೋಯ್ತು. ದನಕ್ಕೆ ದೊಡ್ಡರೋಗ ಬರೋದು ನೋಡು, ಅದು ಕೆಟ್ಟದ್ದು. ನಮ್ಮಪ್ಪನ ಎತ್ತು ಎರಡೂ ಒಂದೇ ವಾರದಾಗೆ ಹೋದ್ವು. ಬಾಯೆಲ್ಲ ಹುಣ್ಣು, ಕಣ್ಣಾಗೆ ನೀರು. ಆ ವರ್ಷ ಬಿತ್ಲಿಲ್ಲ.”

ಅಕ್ಕ ಹೇಳಿದ ದೊಡ್ಡರೋಗಕ್ಕೆ ಮದ್ದು ತಯಾರಾಗ್ತಿದ್ದದ್ದು ನಮ್ಮ ಹೆಬ್ಬಾಳದಲ್ಲೇ. ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಅಂತ 1925ರಲ್ಲಿ ಶುರುವಾದದ್ದು, ಈಗ ಹೆಸರು ಬದಲಾಗಿ ರಾಜ್ಯದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ. ದನಕರುಗಳ ಲಸಿಕೆ ಇಂದಿಗೂ ಅಲ್ಲಿ ಆಗುತ್ತೆ. ಅದರ ಮುಂದೆ ದಿನಾ ಏರ್‌ಪೋರ್ಟಿಗೆ ಹೋಗುವ ಕಾರುಗಳು ಸಾವಿರಾರು. ಒಳಗೆ ಏನು ನಡೀತು ಅಂತ ಕೇಳಿದವರನ್ನ ನಾನು ಕಾಣೆ. ಮನುಷ್ಯರು ಈ ಭೂಮಿಯಿಂದ ಪೂರ್ತಿ ಅಳಿಸಿ ಹಾಕಿದ ರೋಗಗಳು ಇವತ್ತಿಗೂ ಎರಡೇ. ಒಂದು ಸಿಡುಬು. ಇನ್ನೊಂದು ಈ ದೊಡ್ಡರೋಗ, 2011ರಲ್ಲಿ ಹೋಯಿತು ಅಂತ ಘೋಷಣೆಯಾಯಿತು. ಒಂದರ ಗುರುತು ಅಕ್ಕನ ತೋಳಿನಲ್ಲಿದೆ, ಇನ್ನೊಂದರ ಲೆಕ್ಕ ಅವರಪ್ಪನ ಎತ್ತಿನಲ್ಲಿ ಹೋಗಿದೆ. ಮ್ಯೂಸಿಯಂ ಮಾಡುವವರು ಇದಕ್ಕಿಂತ ಹೆಚ್ಚಿನದು ಏನು ಹುಡುಕಬೇಕು?

“ಅಕ್ಕಾ, ನಿಮ್ಮನ್ನೇ ಕರ್ಕೊಂಡು ಹೋಗಿ ಕೂರಿಸಬೇಕು ಅಲ್ಲಿ.”

“ಯಾಕೆ, ಜಾಡಿಯಾಗಾ?”

ಬೇಡ. ಕುರ್ಚಿಯಲ್ಲಿ ಸಾಕು. ತಿಂಗಳಿಗೊಂದು ದಿನ ಯಾವುದಾದರೂ ಮ್ಯೂಸಿಯಮ್ಮಿನವರು ಯಲಹಂಕದ ಸಂತೆಗೋ, ಆರ್.ಟಿ. ನಗರದ ಪಾರ್ಕಿಗೋ, ಯಶವಂತಪುರದ ಮಾರ್ಕೆಟ್ಟಿಗೋ ಬಂದು ಒಂದು ಮೇಜು ಹಾಕಲಿ. ಒಂದಿಷ್ಟು ತೋರಿಸೋಕೆ ತರಲಿ, ಬೇಡ ಅನ್ನಲ್ಲ. ಆದರೆ ಇನ್ನೊಂದು ಕಡೆ ಬರೆದುಕೊಳ್ಳೋಕೆ ಪುಸ್ತಕ, ರೆಕಾರ್ಡ್ ಮಾಡೋಕೆ ಫೋನು. ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದನ್ನ ಅಜ್ಜಿಯ ಬಾಯಲ್ಲಿ ಕೇಳಿದವರು ಇನ್ನೂ ಇದ್ದಾರೆ. ಪ್ಲೇಗಮ್ಮನ ಗುಡಿ ಬೆಂಗಳೂರಿನಲ್ಲಿ ಎಷ್ಟು ಕಡೆ ಇವೆ, ಒಂದೊಂದರ ಪೂಜಾರಿಯ ಹತ್ತಿರವೂ ಒಂದೊಂದು ಕಥೆ ಇದೆ. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂತು ಅಂತ ಗೆಜೆಟಿಯರ್ ಹೇಳುತ್ತೆ, ಯಾರ ಮನೆ ಯಾಕೆ ಖಾಲಿಯಾಯಿತು ಅಂತ ಹೇಳಲ್ಲ. ಬಂದವರು ಕನ್ನಡ ಬಲ್ಲವರಾಗಿರಲಿ, ‘ಐತೆ’ ಅಂದರೆ ತಿದ್ದದವರಾಗಿರಲಿ.

ಇದನ್ನೆಲ್ಲ ಕಾರ್ಯದರ್ಶಿಗಳಿಗೂ ಹೇಳಿದೆ. ಅವರು ಮೊದಲು ಬಸ್ಸು ತುಂಬಲಿ ಅಂದರು. ಮ್ಯೂಸಿಯಂ ತೆರೆದಿರುವ ದಿನ, ಹೊತ್ತು ಫೋನ್ ಮಾಡಿ ಖಚಿತ ಮಾಡಿಕೊಳ್ಳುವ ಕೆಲಸ ನನ್ನ ತಲೆಗೇ ಕಟ್ಟಿದ್ದಾರೆ. ಅಕ್ಕ ಹೆಸರು ಕೊಟ್ಟಿದ್ದಾರೆ, ಕಿಟಕಿ ಪಕ್ಕದ ಸೀಟು ಬೇಕಂತೆ, ಮಿದುಳು ಕೈಯಲ್ಲಿ ಹಿಡಿಯೋದು ಖಂಡಿತವಂತೆ. ಗಂಡಸರಲ್ಲಿ ಯಾರಾದರೂ ತಲೆಸುತ್ತಿ ಬಿದ್ದರೆ ಅಂತ ಒಂದು ಈರುಳ್ಳಿ ಇಟ್ಟುಕೊಳ್ತಾರಂತೆ.

“ದಾಕು ಹಾಕೋರು ನಮ್ಮೂರಿಗೆ ಬಂದಾಗ ಏನಾಯ್ತು ಗೊತ್ತಾ?” ಅಂದರು ಗೋಡೆಯಿಂದ ಹಿಂದೆ ಸರೀತಾ. “ನಾನೂ ನಮ್ಮಕ್ಕನೂ ರಾಗಿ ವಾಡೆ ಹಿಂದೆ ಬಚ್ಚಿಟ್ಕೊಂಡ್ವಿ. ನಮ್ಮಜ್ಜಿ ಬಾಗಿಲಾಗೆ ನಿಂತ್ಕಂಡು, ಹೆಣ್ಮಕ್ಳಿಲ್ಲ, ಮಾವನ ಮನೆಗೆ ಹೋಗವ್ರೆ ಅಂತ ಸುಳ್ಳು ಹೇಳ್ತಿದ್ಲು. ಅಷ್ಟೊತ್ಗೆ ನಮ್ಮಕ್ಕ ಸೀನ್ಬುಟ್ಲು. ಅದನ್ನ ಯಾರಾದ್ರೂ ಬರ್ಕೊಳ್ಳೋರು ಬಂದ್ರೆ ಕಳ್ಸಮ್ಮ, ಹೇಳ್ತೀನಿ. ಮಧ್ಯಾಹ್ನ ಎರಡರ ಮೇಲೆ ಬರ್ಲಿ. ಆರಕ್ಕೆ ನಂದು ಧಾರಾವಾಹಿ ಐತೆ.”